ಕತಾರ್ ಸಹಿ ಹಾಕಿದೆ ಸರಿ, ನಿಮ್ಮ ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತೆ?

ಕತಾರ್ ವಿಶ್ವಸಂಸ್ಥೆಯ ಮಾನವ ಹಕ್ಕು ಒಪ್ಪಂದಗಳಿಗೆ ಸೇರಿದೆಯಲ್ಲ, ಹಾಗಾದರೆ ದೋಹಾಕ್ಕೆ ಕೆಲಸಕ್ಕೆ ಬರಲು ಹೆದರಬೇಕಾಗಿಲ್ಲ ಅಲ್ವಾ ಎಂದು ಕೇಳಿದ್ದೀರಿ. ನಾನು ಇಲ್ಲಿಗೆ ಬಂದು 15 ವರ್ಷ ಆಯಿತು. ನನಗೆ ಗೊತ್ತಿದ್ದದ್ದು ಹೇಳುತ್ತೇನೆ.

ಸೇರಿದ್ದು ನಿಜ. ನಾಗರಿಕ ಹಕ್ಕುಗಳದ್ದು, ಆರ್ಥಿಕ ಹಕ್ಕುಗಳದ್ದು, ಎರಡು ದೊಡ್ಡ ಒಪ್ಪಂದಗಳಿಗೂ 2018ರಲ್ಲಿ ಸೇರಿತು. ಆದರೆ ಸೇರುವಾಗಲೇ ಷರತ್ತು ಬರೆಸಿದೆ. ಕಾರ್ಮಿಕ ಸಂಘದ ವಿಷಯ ನಮ್ಮ ಕಾನೂನಿನ ಪ್ರಕಾರವೇ ಎಂದಿದೆ. ಆ ಕಾನೂನಿನಲ್ಲಿ ಹೊರಗಿನವರು ಸಂಘ ಕಟ್ಟುವ ಹಾಗಿಲ್ಲ. ವಲಸೆ ಕಾರ್ಮಿಕರಿಗೆಂದೇ 1990ರಲ್ಲಿ ಮಾಡಿದ ಒಪ್ಪಂದಕ್ಕಂತೂ ಸೇರಿಯೇ ಇಲ್ಲ. (ಭಾರತವೂ ಸೇರಿಲ್ಲ, ಸುಮ್ನೆ ಇವರೊಬ್ಬರನ್ನೇ ಬೈದರೆ ಹೇಗೆ.)

ನಾನು ಬಂದ ಹೊಸದರಲ್ಲಿ ಕಂಪನಿಯವರು ಎಲ್ಲರ ಪಾಸ್‌ಪೋರ್ಟ್ ಇಸಿದುಕೊಂಡು ಕಬ್ಬಿಣದ ಬೀರುವಿನಲ್ಲಿ ಇಡುತ್ತಿದ್ದರು. ಹತ್ತತ್ತಕ್ಕೆ ಒಂದು ರಬ್ಬರ್ ಬ್ಯಾಂಡ್, ಮೇಲೊಂದು ನಂಬರ್ ಚೀಟಿ. ತಂಗಿಯ ಮದುವೆಗೆ ಹೊರಟಾಗ, ದೇಶ ಬಿಡಲು ಬೇಕಾದ ಎಕ್ಸಿಟ್ ಪರ್ಮಿಟ್‌ಗೆ ಮ್ಯಾನೇಜರ್ ಒಪ್ಪಿಗೆ ಬೇಕಿತ್ತು. ಅವನೇ ರಜೆಯಲ್ಲಿದ್ದ. ಮದುವೆ ಆಲ್ಬಮ್‌ನಲ್ಲಿ ನಾನಿಲ್ಲ.

ಈಗ ಆ ಕಾಟ ಇಲ್ಲ. ಎಕ್ಸಿಟ್ ಪರ್ಮಿಟ್ 2018ರಲ್ಲಿ ಹೆಚ್ಚಿನವರಿಗೆ ಹೋಯಿತು, 2020ರಲ್ಲಿ ಮನೆಗೆಲಸದವರಿಗೂ ಹೋಯಿತು. ಅದೇ 2020ರಲ್ಲಿ ಹಳೇ ಕಂಪನಿಯ ಎನ್‌ಒಸಿ (ಒಪ್ಪಿಗೆ ಪತ್ರ) ಇಲ್ಲದೆ ಕೆಲಸ ಬದಲಿಸುವ ಕಾನೂನು ಬಂತು. 2021ರಿಂದ ತಿಂಗಳಿಗೆ ಕನಿಷ್ಠ 1,000 ರಿಯಾಲ್ ಸಂಬಳ. ಕಂಪನಿ ರೂಮು ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಬೇರೆ. ಜೂನ್ 1ರಿಂದ ಸೆಪ್ಟೆಂಬರ್ 15ರ ತನಕ ಬೆಳಗ್ಗೆ 10ರಿಂದ 3.30ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಇದನ್ನೆಲ್ಲ ಮಾಡಿಸಿದ್ದು ಆ ಒಪ್ಪಂದಗಳಿಗಿಂತ ಜಾಸ್ತಿ 2022ರ ವಿಶ್ವಕಪ್ಪು ಮತ್ತು ಐಎಲ್‌ಒಗೆ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಹೋಗಿದ್ದ ದೂರು ಅಂತ ನನ್ನ ಲೆಕ್ಕ.

ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಕಾನೂನಿನಲ್ಲಿ ತಪ್ಪು, 25,000 ರಿಯಾಲ್‌ವರೆಗೆ ದಂಡ ಇದೆ. ಆದರೂ 'ಸೇಫ್ ಆಗಿರಲಿ, ಇಲ್ಲಿ ಕೊಡಿ' ಎನ್ನುವವರು ಸಿಗುತ್ತಾರೆ. ನಗುನಗುತ್ತಲೇ ಬೇಡ ಎನ್ನಿ. ಕೆಲಸ ಬಿಡುವಾಗ ನೋಟಿಸ್ ಕೊಡಿ: 2 ವರ್ಷ ಮೀರಿರದಿದ್ದರೆ 1 ತಿಂಗಳು, ಮೀರಿದ್ದರೆ 2 ತಿಂಗಳು. ಕೊಟ್ಟದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಸಿಟ್ಟಿಗೆ 'ಓಡಿಹೋದ' ಎಂದು ಕೇಸು ಜಡಿಯುವ ಕಂಪನಿಗಳು ಈಗಲೂ ಇವೆ. ಸಂಬಳ ನಿಂತರೆ ಕಾರ್ಮಿಕ ವಿವಾದ ಸಮಿತಿಗೆ ಹೋಗಬಹುದು. ಕಾನೂನಿನ ಪ್ರಕಾರ ಮೊದಲ ವಿಚಾರಣೆ ಆಗಿ 3 ವಾರದಲ್ಲಿ ತೀರ್ಪು ಬರಬೇಕು. ನನ್ನ ರೂಮ್‌ಮೇಟ್‌ಗೆ ಬರುವಾಗ ರಂಜಾನ್ ಕಳೆದು ಬಕ್ರೀದ್ ಬಂದಿತ್ತು. ಕೈಯಲ್ಲಿ ಕಾಂಟ್ರಾಕ್ಟ್ ಕಾಪಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದದ್ದಕ್ಕೆ ದುಡ್ಡು ಸಿಕ್ಕಿತು.

ಏಜೆಂಟ್ ಕಳಿಸಿದ ಕಾಂಟ್ರಾಕ್ಟ್‌ನಲ್ಲಿ ಮೂಲ ಸಂಬಳ, ರೂಮು, ಊಟ ಬೇರೆಬೇರೆ ಬರೆದಿದ್ದಾರಾ? ಮೊದಲು ಅದನ್ನು ನೋಡಿ ಹೇಳಿ, ಮುಂದಿನದ್ದು ಆಮೇಲೆ ಮಾತಾಡೋಣ.