ಬೆಣ್ಣೆಹಳ್ಳ ದಾಟಲು ಜೀಪಿಗೆ ಡ್ರಮ್ ಕಟ್ಟಿದರೆ ಸಾಕೇ?

ನವಲಗುಂದದ ಕಡೆ ಬೆಣ್ಣೆಹಳ್ಳ ತುಂಬಿದಾಗ ಖಾಲಿ ಡ್ರಮ್ ಕಟ್ಟಿ ಜೀಪು ತೇಲಿಸಬಹುದೇ ಎಂದು ಕೇಳಿದ್ದೀರಿ. ತೇಲಿಸಬಹುದು. ದಾಟಿಸುವುದು ಬೇರೆ ಮಾತು.

200 ಲೀಟರಿನ ಕಬ್ಬಿಣದ ಡ್ರಮ್ ಸುಮಾರು 20 ಕಿಲೊ ತೂಗುತ್ತದೆ. ಪೂರ್ತಿ ಮುಳುಗಿದಾಗ 180 ಕಿಲೊ ಹೊರುತ್ತದೆ. ಜನ ಸೇರಿ 1,500 ಕಿಲೊ ಆಗುವ ಜೀಪಿಗೆ 9 ಡ್ರಮ್ ಬೇಕು, ಅದೂ ಅಂಚಿನ ಲೆಕ್ಕ. ವಾಲಿದರೆ ತಡೆಯಲು 14 ಇರಲಿ. ಎಂಜಿನ್ ಮುಂದಿರುವುದರಿಂದ ಡ್ರಮ್ಮೂ ಮುಂದೆ ಹೆಚ್ಚು ಬೇಕು, ಇಲ್ಲವಾದರೆ ಮೂತಿ ಮುಳುಗುತ್ತದೆ. ಎಲ್ಲವನ್ನೂ ತಳಕ್ಕೆ ಕಟ್ಟಿದರೆ ಗಾಡಿ ಮಗುಚೀತು. ಎರಡೂ ಬದಿಗೆ ಹರವಿ ಕಟ್ಟಬೇಕು.

ನಿಜವಾದ ತೊಡಕು ಮುಂದೆ ಸಾಗುವುದರಲ್ಲಿದೆ. ಮುಳುಗಿದ ಚಕ್ರದ ಕೆಳಭಾಗ ನೀರನ್ನು ಹಿಂದಕ್ಕೆ ತಳ್ಳಿದರೆ ಮೇಲ್ಭಾಗ ಮುಂದಕ್ಕೆ ತಳ್ಳುತ್ತದೆ. ಉಳಿಯುವ ನೂಕುಬಲ ಅತ್ಯಲ್ಪ. ಅದಕ್ಕೇ ನೆಲದ ಮೇಲೂ ನೀರಿನಲ್ಲೂ ಓಡುವ 1960ರ ದಶಕದ ಕಾರು ಆಂಫಿಕಾರ್‌ಗೆ ಹಿಂದೆ ಎರಡು ಪ್ರೊಪೆಲ್ಲರ್ ಇದ್ದವು, ಮುಂದಿನ ಚಕ್ರಗಳೇ ಚುಕ್ಕಾಣಿ. ಆದರೂ ನೀರಿನಲ್ಲಿ ಗಂಟೆಗೆ 11 ಕಿ.ಮೀ. ಅಷ್ಟೇ. ಎರಡನೇ ಮಹಾಯುದ್ಧದಲ್ಲಿ ಬಳಸಿದ, ನೀರಿನಲ್ಲೂ ಸಾಗುವ 'ಡಕ್' ಟ್ರಕ್ಕಿನದು ಸುಮಾರು 10. ಹಳ್ಳದ ಸೆಳವು ಇದಕ್ಕಿಂತ ಜೋರಾಗಿದ್ದರೆ ಅವೂ ಕೊಚ್ಚಿಕೊಂಡು ಹೋಗುತ್ತವೆ.

ಆಚೆ ದಡ ಮುಟ್ಟಿದಿರಿ ಅನ್ನಿ, ಹತ್ತಬೇಕಾದದ್ದು ಎರೆಮಣ್ಣಿನ ರಾಡಿ. ಕೆಸರಿನಲ್ಲಿ ಹಿಡಿತ ಸಿಗಲೆಂದು ಡಕ್ಕಿನಲ್ಲಿ ಚಾಲಕ ಕುಳಿತಲ್ಲಿಂದಲೇ ಟೈರಿನ ಗಾಳಿ ಇಳಿಸಬಹುದಿತ್ತು, ಜೀಪಿನಲ್ಲಿ ಅದಿಲ್ಲ. ಚಕ್ರಗಳಿಗೆ ಬಲ ಹಂಚುವ ಗೇರುಪೆಟ್ಟಿಗೆಯಾದ ಡಿಫರೆನ್ಷಿಯಲ್ಲಿನ ಗಾಳಿಕಿಂಡಿಯಿಂದ ನೀರು ಹೊಕ್ಕರೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಬದಲಿಸದೆ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಅಂದಹಾಗೆ, ಸಣ್ಣ ಕಾರು ಡ್ರಮ್ ಇಲ್ಲದೆಯೂ ತೇಲುತ್ತದೆ. ಹರಿಯುವ ನೀರು 30 ಸೆಂ.ಮೀ. ಇದ್ದರೂ ಟೈರಿನ ಹಿಡಿತ ತಪ್ಪಬಹುದು.