ಡಿಜಿಟಲ್ ಕೇಬಲ್ ತಂತಿಯನ್ನು ನೇರವಾಗಿ ಟ್ಯೂನರ್ ಕಾರ್ಡಿಗೆ ಕೊಟ್ಟು ರೆಕಾರ್ಡ್ ಮಾಡಬಹುದೇ?

ಮೈಸೂರಿನ ನಿಮ್ಮ ಮನೆಗೆ ಬರುವ ಡಿಜಿಟಲ್ ಕೇಬಲ್ ತಂತಿಯನ್ನು ಸೆಟ್‌ಟಾಪ್ ಬಾಕ್ಸಿನ ಹಂಗಿಲ್ಲದೆ ನೇರವಾಗಿ ಕಂಪ್ಯೂಟರಿನ ಡಿವಿಬಿ-ಸಿ (ಡಿಜಿಟಲ್ ಕೇಬಲ್ ಸಿಗ್ನಲ್ ಹಿಡಿಯುವ) ಟ್ಯೂನರ್ ಕಾರ್ಡಿಗೆ ಕೊಟ್ಟು, ಚಂದನ ವಾಹಿನಿಯ ಸಂಗೀತ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬಹುದೇ, ಅದಕ್ಕೆ ಯಾವ ಕಾರ್ಡು ಕೊಳ್ಳಬೇಕು ಎಂದು ಕೇಳಿದ್ದೀರಿ. ದಯವಿಟ್ಟು ಆ ಕಾರ್ಡಿಗೆ ಹಣ ಹಾಕಬೇಡಿ. ಕಾರ್ಡು ತಂತಿಯಲ್ಲಿರುವ ಸಿಗ್ನಲನ್ನು ಹಿಡಿಯುತ್ತದೆ, ವಾಹಿನಿಗಳ ಹೆಸರನ್ನೂ ಸಾಲಾಗಿ ತೋರಿಸುತ್ತದೆ, ಆದರೆ ಚಿತ್ರ ಬರುವುದಿಲ್ಲ. ಇದನ್ನು ನಾನು ಸ್ವಂತ ಹಣದಲ್ಲಿ ಕಲಿತಿದ್ದೇನೆ.

ಹಿಂದೆ ಅನಲಾಗ್ ಕೇಬಲ್ ಇದ್ದ ಕಾಲದಲ್ಲಿ ತಂತಿಯನ್ನು ಟ್ಯೂನರ್ ಕಾರ್ಡಿಗೆ ಸಿಕ್ಕಿಸಿದರೆ ಸಾಕಾಗುತ್ತಿತ್ತು. 2011ರಲ್ಲಿ ಕೇಬಲ್ ಟೆಲಿವಿಷನ್ ಕಾಯ್ದೆಗೆ ತಿದ್ದುಪಡಿಯಾಗಿ, ಅದರ ಎರಡನೆಯ ಹಂತದಲ್ಲಿ ಬೆಂಗಳೂರು, ಮೈಸೂರು ಸೇರಿದಂತೆ 38 ನಗರಗಳಿಗೆ ಅನಲಾಗ್ ಬಿಟ್ಟು ಡಿಜಿಟಲ್ ಕೇಬಲಿಗೆ ಬದಲಾಗಲು 2013ರ ಮಾರ್ಚ್ 31ರ ಗಡುವು ನಿಗದಿಯಾಯಿತು. ಆ ಕಾಯ್ದೆಯ ಪ್ರಕಾರ ಕೇಬಲ್‌ನವರು ಯಾವ ವಾಹಿನಿಯನ್ನೇ ಆಗಲಿ, ಅದು ಉಚಿತ ವಾಹಿನಿಯೇ ಆಗಿದ್ದರೂ, ಬೀಗ ಹಾಕಿದ ರೂಪದಲ್ಲಿಯೇ ಕಳುಹಿಸಬೇಕು. ಈ ಬೀಗದ ಕೀಲಿ ಕೆಲವು ಸೆಕೆಂಡುಗಳಿಗೊಮ್ಮೆ ಬದಲಾಗುತ್ತಿರುತ್ತದೆ. ಹೊಸ ಕೀಲಿಯೂ ಅದೇ ತಂತಿಯಲ್ಲಿಯೇ, ಅದೂ ಗುಪ್ತರೂಪದಲ್ಲಿ, ಬರುತ್ತದೆ. ಅದನ್ನು ಬಿಡಿಸುವ ಶಕ್ತಿ ನಿಮ್ಮ ಹೆಸರಿಗೆ ಚಾಲೂ ಮಾಡಿಕೊಟ್ಟ ಬಾಕ್ಸಿಗೆ ಮಾತ್ರ ಇರುತ್ತದೆ. ಅಮೆರಿಕದಲ್ಲಿ ಕೇಬಲ್‌ಕಾರ್ಡ್ ಎಂಬ ಸಣ್ಣ ಕಾರ್ಡನ್ನು ಕೇಬಲ್ ಕಂಪನಿಯಿಂದ ಬಾಡಿಗೆಗೆ ಪಡೆದು ಕಂಪ್ಯೂಟರಿನ ಟ್ಯೂನರಿಗೆ ಹಾಕಿಕೊಳ್ಳುವ ವ್ಯವಸ್ಥೆ ಇದ್ದುದರಿಂದ, ಅಲ್ಲಿಯವರು ಬರೆದ ಸಲಹೆಗಳನ್ನು ಓದಿದಾಗ ಇದು ಇಲ್ಲಿಯೂ ಸಾಧ್ಯವೆಂದು ತೋರುತ್ತದೆ. ನಮ್ಮ ಕೇಬಲ್‌ನವರು ಅಂಥದನ್ನು ಕೊಡುವುದಿಲ್ಲ.

ಆದ್ದರಿಂದ ಉಳಿಯುವ ಮೊದಲನೆಯ ದಾರಿ, ಬಾಕ್ಸ್ ಬೀಗ ಬಿಡಿಸಿ ಹೊರಗೆ ಕೊಡುವ ಚಿತ್ರವನ್ನು ಎವಿ ಕೇಬಲಿನ ಮೂಲಕ ಹಿಡಿಯುವುದು. ಹಳದಿ, ಕೆಂಪು, ಬಿಳಿ ತೂತುಗಳಿರುವ ಯಾವುದೇ ಕ್ಯಾಪ್ಚರ್ ಸಾಧನ (ಹೊರಗಿನ ಚಿತ್ರ, ಧ್ವನಿಯನ್ನು ಕಂಪ್ಯೂಟರಿಗೆ ತುಂಬಿಸುವಂಥದು) ಇದಕ್ಕೆ ಸಾಕು. ಹಳೆಯ ಟ್ಯೂನರ್ ಕಾರ್ಡಿನಲ್ಲಿ ಎವಿ ಇನ್‌ಪುಟ್ ಇದ್ದರೆ ಅದೂ ಆಗುತ್ತದೆ. ಬಾಕ್ಸಿನ ಕಡೆ ಹೆಡ್‌ಫೋನಿನಂಥ ಒಂದೇ ತೂತಿದ್ದರೆ ಸ್ವಲ್ಪ ಎಚ್ಚರ ಬೇಕು, ಏಕೆಂದರೆ ಆ ಪಿನ್ನಿನ ಮೇಲಿನ ನಾಲ್ಕು ಪಟ್ಟಿಗಳ ಕ್ರಮ ಎಲ್ಲ ಕೇಬಲಿನಲ್ಲಿಯೂ ಒಂದೇ ಆಗಿರುವುದಿಲ್ಲ. ಹಳದಿಯಲ್ಲಿ ಚಿತ್ರ ಬಾರದೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬಂದರೆ, ಕೆಂಪು ಪಿನ್ನನ್ನು ಹಳದಿ ತೂತಿಗೆ ಹಾಕಿ ನೋಡಿ. ಆಗಲೂ ಬಾರದಿದ್ದರೆ ಬಾಕ್ಸಿನ ಜೊತೆಗೆ ಬಂದ ಕೇಬಲನ್ನೇ ಹುಡುಕಿ. ರೆಕಾರ್ಡ್ ಮಾಡುವಾಗ 720×576 ಅಳತೆ, ಸೆಕೆಂಡಿಗೆ 25 ಚೌಕಟ್ಟು ಎಂದು ಇಟ್ಟುಕೊಳ್ಳಿ. ಎಚ್‌ಡಿಎಂಐ ತೂತಿನಿಂದ ಬರುವ ಚಿತ್ರಕ್ಕೆ ಸಾಮಾನ್ಯವಾಗಿ ನಕಲು ತಡೆ ಇರುವುದರಿಂದ ಆ ದಾರಿಯನ್ನು ನಾನು ಹೇಳುವುದಿಲ್ಲ.

ಈ ವಿಧಾನದ ದೊಡ್ಡ ಕೊರತೆಯೆಂದರೆ ಬಾಕ್ಸಿನಲ್ಲಿ ಏನು ನಡೆಯುತ್ತಿದೆ ಎಂಬುದು ಕಂಪ್ಯೂಟರಿಗೆ ತಿಳಿಯದು. ನಮ್ಮ ಅತ್ತೆಯವರ ವೀಣಾವಾದನ ಚಂದನದಲ್ಲಿ ಪ್ರಸಾರವಾದ ದಿನ ನಾನು ಬೆಳಿಗ್ಗೆಯೇ ವಾಹಿನಿ ಹಾಕಿ, ರೆಕಾರ್ಡಿಂಗಿಗೆ ಸಮಯ ಗೊತ್ತುಮಾಡಿ ಕೆಲಸಕ್ಕೆ ಹೋಗಿದ್ದೆ. ಬಹಳ ಹೊತ್ತು ಯಾರೂ ರಿಮೋಟ್ ಮುಟ್ಟದಿದ್ದುದರಿಂದ ಬಾಕ್ಸ್ ತಾನಾಗಿ ಮಲಗಿಬಿಟ್ಟಿತು. ಆ ಕಡತ ಈಗಲೂ ನನ್ನ ಬಳಿ ಇದೆ: ಆಲಾಪನೆ ಮುಗಿದು ಪಲ್ಲವಿ ಎರಡನೆಯ ಬಾರಿಗೆ ಬರುವಷ್ಟರಲ್ಲಿ ಪರದೆ ಕಪ್ಪಾಗುತ್ತದೆ, ಮುಂದಿನ 18 ನಿಮಿಷವೂ ಕಪ್ಪೇ. ಅವರು ಈಗ ವೀಣೆ ನುಡಿಸುವುದಿಲ್ಲ. ಬಾಕ್ಸಿನ ಸೆಟ್ಟಿಂಗ್ಸಿನಲ್ಲಿ ಸ್ವಯಂ ಸ್ಟ್ಯಾಂಡ್‌ಬೈ ಎಂಬುದೊಂದು ಇದ್ದರೆ ಅದನ್ನು ಮೊದಲು ನಿಲ್ಲಿಸಿಬಿಡಿ ಎಂದು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕಾಗಿಯೇ.

ನಿಮಗೆ ಬೇಕಾಗಿರುವುದು ಮುಖ್ಯವಾಗಿ ಚಂದನವೇ ಆಗಿದ್ದರೆ ಇದಕ್ಕಿಂತ ಬಹಳ ಒಳ್ಳೆಯ ದಾರಿಯೊಂದಿದೆ. ದೂರದರ್ಶನದವರ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಬೀಗವಿಲ್ಲದೆ ಬರುತ್ತದೆ, ತಿಂಗಳ ಶುಲ್ಕವೂ ಇಲ್ಲ. ಅದಕ್ಕೆ ಉಪಗ್ರಹದ ಸಿಗ್ನಲ್ ಹಿಡಿಯುವ ಡಿವಿಬಿ-ಎಸ್2 ಕಾರ್ಡು ಕೊಳ್ಳಿ. ಅದು ಹಳೆಯ ಡಿವಿಬಿ-ಎಸ್ ಸಿಗ್ನಲನ್ನೂ ಓದುತ್ತದೆ. ಉಪಗ್ರಹ ಜಿಸ್ಯಾಟ್-15, ಅದರ ಸ್ಥಾನ ಪೂರ್ವ ರೇಖಾಂಶ 93.5 ಡಿಗ್ರಿ. ಮೈಸೂರಿನಿಂದ ಅದು ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 65 ಡಿಗ್ರಿ ಎತ್ತರದಲ್ಲಿರುವುದರಿಂದ, ತಾರಸಿಯಲ್ಲಿ ಆ ಕಡೆಗೆ ತೆಂಗಿನ ಗರಿಯೋ ನೀರಿನ ಟ್ಯಾಂಕೋ ಅಡ್ಡ ಇರಬಾರದು. ಡಿಶ್‌ನ ಎಲ್‌ಎನ್‌ಬಿಗೆ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಭಾಗಕ್ಕೆ) ಬೇಕಾದ ವಿದ್ಯುತ್ತನ್ನು ಕಾರ್ಡೇ ಕೊಡುತ್ತದೆ, ಆದ್ದರಿಂದ ಕಾರ್ಡಿಗೆ ಪ್ರತ್ಯೇಕ ಅಡಾಪ್ಟರ್ ಬಂದಿದ್ದರೆ ಅದನ್ನು ತಪ್ಪದೆ ಸಿಕ್ಕಿಸಿ.

ಇಲ್ಲಿ ಕಂಪ್ಯೂಟರ್ ಚಿತ್ರವನ್ನು ಮತ್ತೆ ಸಂಕುಚಿತಗೊಳಿಸುವ ಕೆಲಸವೇ ಇಲ್ಲ. ಆಕಾಶದಿಂದ ಬಂದ ಅಂಕಿಗಳನ್ನು ಇದ್ದ ಹಾಗೆಯೇ ಡಿಸ್ಕಿಗೆ ಬರೆದುಕೊಳ್ಳುತ್ತದೆ. ಹಾಗಾಗಿ ತೀರಾ ಹಳೆಯ ಯಂತ್ರವೂ ಸಾಕು, ಗುಣಮಟ್ಟದಲ್ಲಿ ನಷ್ಟವೂ ಇಲ್ಲ. ವೀಣೆಯ ತಂತಿ ಮಿಡಿದ ಮೇಲೆ ನಿಧಾನವಾಗಿ ಅಡಗುವ ನಾದ ಎವಿ ಕೇಬಲಿನ ರೆಕಾರ್ಡಿಂಗಿನಲ್ಲಿ ಸಣ್ಣ ಸುಯ್ಯೆಂಬ ಸದ್ದಿನೊಳಗೆ ಮುಳುಗಿಹೋಗುತ್ತಿತ್ತು. ಇದರಲ್ಲಿ ಕೊನೆಯವರೆಗೂ ಕೇಳುತ್ತದೆ. ಸೆಕೆಂಡಿಗೆ 4 ಮೆಗಾಬಿಟ್ ಎಂದು ಲೆಕ್ಕ ಹಿಡಿದರೆ ಗಂಟೆಗೆ 1.8 ಗಿಗಾಬೈಟ್ ಜಾಗ ಬೇಕಾಗುತ್ತದೆ.

ತಂತ್ರಾಂಶಕ್ಕೆ ಲಿನಕ್ಸ್ ಮೇಲೆ ಟಿವಿ ರೆಕಾರ್ಡ್ ಮಾಡುವ ಟಿವಿಹೆಡೆಂಡ್ ಹಾಕಿಕೊಳ್ಳಿ. ಬೇರೆ ಕಂಪ್ಯೂಟರಿನ ಬ್ರೌಸರಿನಿಂದಲೇ ಅದಕ್ಕೆ ಸಮಯ ಗೊತ್ತುಮಾಡಬಹುದು, ವಾಹಿನಿ ಬದಲಿಸುವ ಕೆಲಸವೂ ಅದರದೇ. ಕಾರ್ಡು ಕೊಳ್ಳುವ ಮೊದಲು ಅದರ ಮಾದರಿಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಕಾರ್ಯಕ್ರಮಗಳು ಹೇಳಿದ ಹೊತ್ತಿಗೇ ಶುರುವಾಗುತ್ತವೆಂಬ ಭರವಸೆ ಇಲ್ಲದ್ದರಿಂದ ಮೊದಲು 5 ನಿಮಿಷ, ಕೊನೆಗೆ 15 ನಿಮಿಷ ಹೆಚ್ಚಿಗೆ ಹಿಡಿಯುವಂತೆ ಅದರಲ್ಲಿಯೇ ಹೇಳಿಡಬಹುದು.

ಜೋರು ಮಳೆಯಲ್ಲಿ ಈ ಸಿಗ್ನಲ್ ಕಡಿದುಹೋಗುತ್ತದೆ, ಕೇಬಲ್ ತಂತಿ ಆಗಲೂ ನಡೆಯುತ್ತಿರಬಹುದು. ಆದ್ದರಿಂದ ಮರುಪ್ರಸಾರವಾಗುವ ಸಾಧ್ಯತೆಯಿಲ್ಲದ ಕಾರ್ಯಕ್ರಮಕ್ಕೆ ಮಳೆಗಾಲದಲ್ಲಿ ನಾನು ಎರಡನ್ನೂ ಒಟ್ಟಿಗೆ ಓಡಿಸುತ್ತೇನೆ: ಡಿಶ್‌ನದು ಟ್ಯೂನರ್ ಕಾರ್ಡಿಗೆ, ಬಾಕ್ಸಿನದು ಎವಿ ಕೇಬಲಿಗೆ.