ಉತ್ತರ: ಆ ಬಿಳಿ ದೀಪ ಬಟ್ಟೆಯದ್ದಲ್ಲ
ಜಪಾನಿನ ವಿನ್ಯಾಸಕಾರ ಶಿರೋ ಕುರಾಮಾತ ಅವರ 'ಓಬಾ-ಕ್ಯೂ' ದೀಪ ಬಟ್ಟೆಯದ್ದಾ, ಒಳಗೆ ತಂತಿ ಚೌಕಟ್ಟು ಇದೆಯಾ, ಅವರು ಮೆಂಫಿಸ್ ಅನ್ನೋ ವಿನ್ಯಾಸಕಾರರ ಗುಂಪಿನವರಾ ಅಂತ ಕೇಳಿದ್ದೀರಿ.

ಫೋಟೋದಲ್ಲಿ ಕರ್ಚೀಫು ಜೋತುಬಿಟ್ಟ ಹಾಗೇ ಕಾಣುತ್ತದೆ, ಅಲ್ವಾ? ಆದರೆ ಅದು ಅಕ್ರಿಲಿಕ್, ಒಂಥರಾ ಗಟ್ಟಿ ಪ್ಲಾಸ್ಟಿಕ್. 1972ರದ್ದು. ಹಾಲುಬಿಳಿ ಅಕ್ರಿಲಿಕ್ ಹಾಳೆಯನ್ನು ಮೆತ್ತಗಾಗುವಷ್ಟು ಕಾಯಿಸಿ ಇಳಿಬಿಡುತ್ತಾರೆ. ಅಂಚುಗಳು ತಮ್ಮ ಭಾರಕ್ಕೆ ತಾವೇ ಜೋತು ನೆರಿಗೆ ಬೀಳುತ್ತವೆ. ಆರಿದ ಮೇಲೆ ಆ ನೆರಿಗೆಗಳೇ ಕಾಲು. ಚೌಕಟ್ಟು ಯಾಕೆ ಬೇಕು? ಒಳಗೆ ಬಲ್ಬು ಹೊತ್ತಿಸಿದರೆ ನೆರಿಗೆ ಮಡಚಿದ ಕಡೆ ಮಾತ್ರ ಸ್ವಲ್ಪ ಮಬ್ಬು, ಉಳಿದದ್ದೆಲ್ಲ ಬೆಳಕು. ಹೆಸರು ಜಪಾನಿನ ಮಕ್ಕಳ ಕಾಮಿಕ್‌ನ ಮುದ್ದು ದೆವ್ವದ್ದು.

ಮೆಂಫಿಸ್ ಶುರುವಾಗಿದ್ದು ಆಮೇಲೆ, 1980ರ ಕೊನೆಯಲ್ಲಿ, ಇಟಲಿಯ ಮಿಲಾನ್‌ನಲ್ಲಿ. ಅದಕ್ಕೆ ಇವರು 1983ರಲ್ಲಿ 'ಕ್ಯೋಟೋ' ಮೇಜು ಮಾಡಿಕೊಟ್ಟರು. ಸಿಮೆಂಟಿನಲ್ಲಿ ಬಣ್ಣದ ಗಾಜಿನ ಚೂರು. ನಮ್ಮ ಹಳೇ ಮನೆಗಳ ಮೊಸಾಯಿಕ್ ನೆಲ ನೆನಪಾಗುತ್ತದೆ! ಆದರೆ ಅವರನ್ನು ಸುಮ್ನೆ 'ಮೆಂಫಿಸ್‌ನವರು' ಅಂದುಬಿಟ್ಟರೆ ಕಮ್ಮಿಯಾಯಿತು. ಗುಂಪಿನ ಉಳಿದವರಿಗೆ ಬಣ್ಣದ ಗೀಳು, ಇವರಿಗೆ ವಸ್ತುವನ್ನೇ ಮಾಯ ಮಾಡುವ ಗೀಳು. 1988ರ 'ಮಿಸ್ ಬ್ಲಾಂಚ್' ಕುರ್ಚಿ ಹುಡುಕಿ ನೋಡಿ: ಪಾರದರ್ಶಕ ಅಕ್ರಿಲಿಕ್ ಒಳಗೆ ಕೃತಕ ಗುಲಾಬಿಗಳು ತೇಲುತ್ತಿರುತ್ತವೆ. ಕೂರಲು ನನಗಂತೂ ಧೈರ್ಯ ಬರದು.